ದನ, ಧನ ಮತ್ತು ಒಂದು ಬಿಟ್

ಮುಂಬೈಯ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್, ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್, ಬೆಂಗಳೂರಿನ ಎಸ್.ಪಿ. ರೋಡ್. ಈ ಐದರಲ್ಲಿ ಯಾವುದಕ್ಕೆ ಹೋದರೂ ಕೆಲವು ಅಂಗಡಿಗಳ ಒಳಮೂಲೆಯಲ್ಲಿ, ಲ್ಯಾಪ್‌ಟಾಪ್ ಬ್ಯಾಗುಗಳ ಹಿಂದೆ, ಚಪ್ಪಟೆ ಕಬ್ಬಿಣದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿರುವುದು ಕಾಣುತ್ತದೆ. ಕಂಪನಿಗಳು ನಾಲ್ಕೈದು ವರ್ಷ ದುಡಿಸಿ ಕೈಬಿಟ್ಟ ಸರ್ವರ್‌ಗಳು ಅವು. ಹೊಸದಿದ್ದಾಗ ಲಕ್ಷಗಳ ಲೆಕ್ಕದಲ್ಲಿ ಮಾತಾಡಿಸಿಕೊಳ್ಳುತ್ತಿದ್ದವು, ಈಗ ಸಾಧಾರಣ ಮೊಬೈಲ್ ಫೋನಿನ ಬೆಲೆಗೆ ಸಿಗುವುದೂ ಉಂಟು.

ಇವನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ಒಯ್ಯುವ ಜನರಿದ್ದಾರೆ. ಅವರು ಕಟ್ಟಿಕೊಳ್ಳುವುದನ್ನು ಹೋಮ್ ಲ್ಯಾಬ್ ಎನ್ನುತ್ತಾರೆ. ಹೆಸರು ದೊಡ್ಡದು. ಒಳಗಿರುವುದು ಇಷ್ಟೇ: ಮನೆಯ ಒಂದು ಮೂಲೆಯಲ್ಲಿ ಇಪ್ಪತ್ನಾಲ್ಕು ಗಂಟೆ ಓಡುವ ಒಂದು ಕಂಪ್ಯೂಟರ್, ಅದರಲ್ಲಿ ಮನೆಮಂದಿಯ ಫೋಟೊ, ಹಾಡು, ಕಾಗದಪತ್ರ, ಕಲಿಯುವ ಚಟವಿದ್ದವರಿಗೆ ಜೊತೆಗೆ ಹತ್ತಾರು ಪ್ರಯೋಗಗಳು. ತಿಂಗಳು ತಿಂಗಳು ಬಾಡಿಗೆ ಕೊಟ್ಟು ಬೇರೆಯವರ ಯಂತ್ರದಲ್ಲಿ ಇಡುವ ಬದಲು ತಮ್ಮದರಲ್ಲೇ ಇಟ್ಟುಕೊಳ್ಳುವುದು.

ಆ ಪೆಟ್ಟಿಗೆಗಳ ಆಕರ್ಷಣೆ ಅರ್ಥವಾಗುವಂಥದ್ದೇ. ಡೆಲ್ ಪವರ್‌ಎಡ್ಜ್ ಆರ್720 ಎಂಬುದರಲ್ಲಿ ಎರಡು ಪ್ರೊಸೆಸರ್, ಮೆಮೊರಿಗೆ 24 ಸ್ಲಾಟ್. ಕೇಳಿದರೇ ಕೈ ತುರಿಸುತ್ತದೆ. ಆದರೆ ಇಂಥ ಯಂತ್ರ ಏನೂ ಮಾಡದೆ ಸುಮ್ಮನೆ ಕೂತಿದ್ದರೂ ಸುಮಾರು 100 ವಾಟ್ ಎಳೆಯುತ್ತದೆ. ದಿನಕ್ಕೆ 24 ಗಂಟೆ, ವರ್ಷಕ್ಕೆ 365 ದಿನ ಲೆಕ್ಕ ಹಾಕಿದರೆ 876 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಎಂದುಕೊಂಡರೂ ವರ್ಷಕ್ಕೆ 7,008 ರೂಪಾಯಿ. ವಿದ್ಯುತ್ ಬಿಲ್ಲು ಸ್ಲ್ಯಾಬ್‌ಗಳಲ್ಲಿ ಏರುವ ಕಡೆಗಳಲ್ಲಿ ಮನೆಯ ಉಳಿದ ಬಳಕೆಯೂ ದುಬಾರಿ ಸ್ಲ್ಯಾಬಿಗೆ ಜಾರಬಹುದು. ಸದ್ದಿನದು ಬೇರೆ ಕಥೆ. ಒಂದು ಯೂನಿಟ್ ಎತ್ತರದ ಸರ್ವರ್ ಎಂದರೆ ನಾಲ್ಕೂವರೆ ಸೆಂಟಿಮೀಟರ್‌ಗೂ ಕಡಿಮೆ. ಅದರೊಳಗೆ ಕೂರುವ ಅಂಗೈಗಿಂತ ಚಿಕ್ಕ ಫ್ಯಾನ್‌ಗಳು ಗಾಳಿ ದೂಡಬೇಕಾದರೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಬೇಕು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅದನ್ನು ಇಟ್ಟುಕೊಳ್ಳುವುದೆಂದರೆ ಹಗಲುರಾತ್ರಿ ಮಿಕ್ಸಿ ಓಡಿಸಿದಂತೆ. ಮನೆಯವರು ಒಂದು ವಾರ ಸಹಿಸಿಯಾರು.

ಅದಕ್ಕೇ ತಿಳಿದವರು ಕಚೇರಿಗಳಿಂದ ಹೊರಬಿದ್ದ ಪುಟ್ಟ ಪಿಸಿಗಳತ್ತ ತೋರಿಸುತ್ತಾರೆ: ಲೆನೊವೊ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಎಲೀಟ್‌ಡೆಸ್ಕ್ ಮಿನಿ. ಪುಸ್ತಕದಷ್ಟು ಗಾತ್ರ, ಸುಮ್ಮನಿದ್ದಾಗ 10-15 ವಾಟ್, ಸದ್ದೂ ಇಲ್ಲ. ಕಲಿಯುವುದಕ್ಕೆ, ಸಿನಿಮಾ ನೋಡುವುದಕ್ಕೆ, ಮನೆಯ ದೀಪಗಳನ್ನು ಫೋನಿನಿಂದ ಆರಿಸುವುದಕ್ಕೆ ಇದು ಸಾಕು ಮಾತ್ರವಲ್ಲ, ಇದೇ ಸರಿ. ಆದರೆ ಇನ್ನೆಲ್ಲೂ ಇಲ್ಲದ, ಕಳೆದರೆ ಮತ್ತೆ ಸಿಗದ ವಸ್ತುವನ್ನು ಒಳಗಿಡುವುದಾದರೆ ಕೇಳಬೇಕಾದ ಪ್ರಶ್ನೆ ಬೇರೆ. ಅಂಗಡಿಯಲ್ಲಿ ಎಲ್ಲರೂ ಎಷ್ಟು ಕೋರ್, ಎಷ್ಟು ಜಿಬಿ ಎಂದು ಕೇಳುತ್ತಾರೆ. ಈ ಯಂತ್ರ ತಪ್ಪು ಮಾಡಿದಾಗ ತಪ್ಪು ಮಾಡಿದೆ ಎಂದು ಹೇಳುತ್ತದೆಯೇ ಎಂದು ಕೇಳುವವರು ಕಡಿಮೆ.

ಪುಣೆಯ ಕೋಥ್ರೂಡಿನಲ್ಲಿ ನೆಲೆಸಿರುವ ಹುಬ್ಬಳ್ಳಿ ಕಡೆಯ ಒಬ್ಬರಿಗೆ ಈ ಪ್ರಶ್ನೆ ಹೊಳೆದದ್ದು ತಡವಾಗಿ. ಅವರ ತಾಯಿ ಬೀಸುವ ಪದ, ಕುಟ್ಟುವ ಪದ, ಸೋಬಾನೆ ಪದಗಳನ್ನು ಹಾಡುತ್ತಿದ್ದರು. ಮನೆಯಲ್ಲಿದ್ದ ಟೇಪ್ ರೆಕಾರ್ಡರಿನಲ್ಲಿ ತುಂಬಿಟ್ಟ 38 ಕ್ಯಾಸೆಟ್‌ಗಳಿದ್ದವು. ತಾಯಿ ತೀರಿಕೊಂಡ ಮೇಲೆ ಮಗ ಅವನ್ನು ಒಂದೊಂದಾಗಿ ಲ್ಯಾಪ್‌ಟಾಪಿಗೆ ಇಳಿಸಿದರು. ಎರಡೂ ಮಗ್ಗುಲು ಸೇರಿ 76 ಫೈಲ್. ಎಂಪಿ3 ಮಾಡಿದರೆ ಧ್ವನಿಯ ಒಂದಿಷ್ಟು ಭಾಗ ಬಿಟ್ಟುಹೋಗುತ್ತದೆಂದು, ಏನನ್ನೂ ಬಿಡದ ಫ್ಲ್ಯಾಕ್ ಎಂಬ ರೂಪದಲ್ಲಿ ಉಳಿಸಿದರು. ಅಲ್ಲಿಂದ ಮನೆಯ ಹಳೆಯ ಡೆಸ್ಕ್‌ಟಾಪಿಗೆ ಕಾಪಿ ಮಾಡಿದರು. ಅದೇ ಮನೆಯ ಸರ್ವರ್. ಸರ್ವರ್‌ನಿಂದ ಹೊರಗಿನ ಒಂದು ಹಾರ್ಡ್ ಡಿಸ್ಕಿಗೆ ಬ್ಯಾಕಪ್. ಇಷ್ಟು ಮಾಡುವವರೇ ಅಪರೂಪ. ಮನೆ ಬದಲಿಸುವಾಗ ಅರ್ಧಕ್ಕೂ ಹೆಚ್ಚು ಕ್ಯಾಸೆಟ್‌ಗಳನ್ನು ಎಸೆದರು, ಲ್ಯಾಪ್‌ಟಾಪನ್ನು ಅಳಿಸಿ ಮಾರಿದರು. ಉಳಿದ ಕ್ಯಾಸೆಟ್‌ಗಳು ಹುಬ್ಬಳ್ಳಿಯ ಅಕ್ಕನ ಮನೆಯ ಅಟ್ಟ ಸೇರಿದವು.

ತಪ್ಪು ಕಂಡುಹಿಡಿದದ್ದು ಯಾವ ಸಾಫ್ಟ್‌ವೇರೂ ಅಲ್ಲ, ಅಕ್ಕ. ಫೋನಿನಲ್ಲಿ ಹಾಡು ಕೇಳುತ್ತಾ ಕೂತವರು ತಮ್ಮನಿಗೆ ಕರೆ ಮಾಡಿದರು. ‘ತಮ್ಮಾ, ಇದರಾಗ ನಡುವ ದನಿ ಕಡದಂಗ ಆಗೇತಿ ನೋಡು. ಅವ್ವ ಅಲ್ಲಿ ಉಸಿರು ತಗೊಳ್ಳಂಗಿಲ್ಲ.’

‘ಹಳೇ ಕ್ಯಾಸೆಟ್ ಅಲ್ಲೇನಕ್ಕಾ, ಟೇಪ್ ಸವದಿರಬೇಕು.’

‘ಕ್ಯಾಸೆಟ್ಟಿನ್ಯಾಗ ಹಂಗ ಇದ್ದಿಲ್ಲ. ನಾ ಎಷ್ಟು ಸಲ ಕೇಳೇನಿ.’

ಇಲ್ಲಿಂದ ಮುಂದಿನದು ಪತ್ತೇದಾರಿ. ಇಂಥದ್ದರಲ್ಲಿ ಜನ ಸಾಮಾನ್ಯವಾಗಿ ಮಾಡುವ ಅನಾಹುತವೆಂದರೆ ಗಾಬರಿಯಲ್ಲಿ ನಾಲ್ಕು ವಸ್ತು ಒಟ್ಟಿಗೆ ಬದಲಿಸುವುದು. ಆಮೇಲೆ ಸರಿಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ. ಇವರು ಹಾಗೆ ಮಾಡಲಿಲ್ಲ. ಫೋನ್ ಬಿಟ್ಟು ಬೇರೆ ಪ್ಲೇಯರ್‌ನಲ್ಲಿ ಕೇಳಿದರು, ಅದೇ ಜಾಗದಲ್ಲಿ ಅದೇ ಮುಗ್ಗರಿಕೆ. ಬ್ಯಾಕಪ್ ಡಿಸ್ಕಿನ ಪ್ರತಿ ಕೇಳಿದರು, ಅದರಲ್ಲೂ ಅದೇ. ಬ್ಯಾಕಪ್ ಎಂಬುದು ಪ್ರಾಮಾಣಿಕ ಗುಮಾಸ್ತನಿದ್ದಂತೆ, ಕೊಟ್ಟ ತಪ್ಪನ್ನು ತಪ್ಪಿಲ್ಲದೆ ನಕಲು ಮಾಡುತ್ತದೆ.

ಫ್ಲ್ಯಾಕ್ ರೂಪದ ಒಂದು ಒಳ್ಳೆಯ ಗುಣ ಇಲ್ಲಿ ಕೈಹಿಡಿಯಿತು. ಫೈಲ್ ಮಾಡುವ ಹೊತ್ತಿನಲ್ಲೇ ಅದು ಮೂಲ ಧ್ವನಿಯಿಂದ ಎಂಡಿ5 ಎಂಬ ಒಂದು ಗುರುತುಸಂಖ್ಯೆ ಲೆಕ್ಕ ಹಾಕಿ ತಲೆಬರಹದಲ್ಲಿ ಬರೆದಿಡುತ್ತದೆ. ಮುಂದೆ ಎಂದಾದರೂ ಫೈಲನ್ನು ಬಿಚ್ಚಿ ಲೆಕ್ಕ ಮತ್ತೆ ಹಾಕಿದಾಗ ಸಂಖ್ಯೆ ಹೊಂದದಿದ್ದರೆ ಒಳಗೆ ಏನೋ ಬದಲಾಗಿದೆ ಎಂದರ್ಥ. ಆಧಾರ್ ಸಂಖ್ಯೆಯ ಕೊನೆಯ ಅಂಕಿ ಇರುವುದೂ ಇಂಥದೇ ಕೆಲಸಕ್ಕೆ. ಒಂದು ಅಂಕಿ ತಪ್ಪಿ ಒತ್ತಿದರೆ ಲೆಕ್ಕ ಕೂಡುವುದಿಲ್ಲ. 76 ಫೈಲ್‌ಗಳನ್ನೂ ತಪಾಸಣೆಗೆ ಹಾಕಿದರು. 71 ಸರಿ, 5 ತಪ್ಪು. ಲ್ಯಾಪ್‌ಟಾಪಿನಲ್ಲಿ ಹುಟ್ಟುವಾಗ ಸರಿಯಿದ್ದದ್ದು ಆಮೇಲೆ ಕೆಟ್ಟಿದೆ, ಕ್ಯಾಸೆಟ್ಟಿನ ಪಾತ್ರ ಇದರಲ್ಲಿಲ್ಲ. ಅಕ್ಕನ ಕಿವಿ ಗೆದ್ದಿತು.

ಎರಡನೆಯ ಆರೋಪಿ ಡಿಸ್ಕ್. ಹಾರ್ಡ್ ಡಿಸ್ಕ್‌ಗಳು ತಮ್ಮ ಆರೋಗ್ಯದ ದಿನಚರಿಯನ್ನು ಸ್ಮಾರ್ಟ್ ಎಂಬ ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತವೆ. ಅದರಲ್ಲಿ ನೋಡಬೇಕಾದ ಸಾಲು ಬಹಳವಿಲ್ಲ. 5ನೆಯದು ಕೆಟ್ಟಿದ್ದರಿಂದ ಬೇರೆಡೆಗೆ ಸಾಗಿಸಿದ ಜಾಗಗಳ ಲೆಕ್ಕ, 197ನೆಯದು ಓದಲಾಗದೆ ಬಾಕಿ ಉಳಿದ ಜಾಗಗಳದ್ದು, 199ನೆಯದು ಕೇಬಲ್ ದಾರಿಯಲ್ಲಾದ ತಪ್ಪುಗಳದ್ದು. ಇವರ ಡಿಸ್ಕಿನಲ್ಲಿ ಮೂರೂ ಸೊನ್ನೆ. ಉಳಿದದ್ದು ಮೆಮೊರಿ. ಒಂದು ಫೈಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವಾಗ ಅದು ಕೆಲವು ಕ್ಷಣ ರ‍್ಯಾಮ್‌ನಲ್ಲಿ ತಂಗಿ ಹೋಗುತ್ತದೆ. ಆ ತಂಗುದಾಣದಲ್ಲೇ ಜೇಬಿಗೆ ಕತ್ತರಿ ಬಿದ್ದಿದ್ದರೆ ಡಿಸ್ಕಿಗೆ ಏನು ಗೊತ್ತು?

ಮೆಮ್‌ಟೆಸ್ಟ್86+ ಎಂಬ ಪುಟ್ಟ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿ, ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಿ, ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಪರದೆಯ ಮೇಲೆ ಕೆಂಪು ಸಾಲುಗಳು. ಮೆಮೊರಿ ಪಟ್ಟಿಗಳು ಎರಡಿದ್ದವು. ಒಂದನ್ನು ತೆಗೆದು ಇನ್ನೊಂದನ್ನಷ್ಟೇ ಇಟ್ಟು ಪರೀಕ್ಷೆ, ಆಮೇಲೆ ಅದಲುಬದಲು, ಆಮೇಲೆ ಅದೇ ಪಟ್ಟಿಯನ್ನು ಬೇರೆ ಸ್ಲಾಟಿನಲ್ಲಿ. ಹೀಗೆ ಮಾಡದಿದ್ದರೆ ಕೆಟ್ಟದ್ದು ಪಟ್ಟಿಯೋ ಮದರ್‌ಬೋರ್ಡಿನ ಸ್ಲಾಟೋ ಎಂದು ಗೊತ್ತಾಗುವುದಿಲ್ಲ. ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವ ರಿಪೇರಿ ಅಂಗಡಿಗಳ ಉಪಾಯವನ್ನೂ ಮಾಡಿದರು. ಅದನ್ನು ನಗೆಯಾಡಬೇಕಾಗಿಲ್ಲ, ಮುಂಬೈ, ಚೆನ್ನೈಯಂಥ ಉಪ್ಪುಗಾಳಿಯ ಊರುಗಳಲ್ಲಿ ಅಂಚಿನ ಮೇಲೆ ಪೊರೆ ಕಟ್ಟಿ ಸಂಪರ್ಕ ತಪ್ಪುವುದು ಮಾಮೂಲು, ಉಜ್ಜಿದರೆ ಸರಿಹೋಗುತ್ತದೆ. ಇವರದು ಹೋಗಲಿಲ್ಲ. ಎಲ್ಲಿಟ್ಟರೂ ಒಂದೇ ಪಟ್ಟಿ, ಒಂದೇ ಜಾಗ, ಒಂದು ಬಿಟ್: ಆಗಾಗ 0 ಇದ್ದದ್ದು 1 ಆಗುತ್ತಿತ್ತು.

ಒಂದು ಬಿಟ್ ಎಂದರೆ ಎಷ್ಟು ಎಂದು ಕೇಳಬಹುದು. ಕನ್ನಡದಲ್ಲೇ ನೋಡಿ. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ದ ಅಕ್ಷರದ್ದು 3238, ಧ ಅಕ್ಷರದ್ದು 3239. ಎರಡರ ನಡುವೆ ಬೇರೆ ಇರುವುದು ಕೊನೆಯ ಒಂದು ಬಿಟ್ ಮಾತ್ರ. ಅದು ಮಗುಚಿದರೆ ದನ ಧನವಾಗುತ್ತದೆ. ತ-ಥ, ಪ-ಫ, ಬ-ಭ ಜೋಡಿಗಳೂ ಹೀಗೇ. ಮ 3246, ಯ 3247. ಆದ್ದರಿಂದ ಮಾವ ಒಂದೇ ಏಟಿಗೆ ಯಾವ ಆಗಬಲ್ಲ. ಕ ಮಾತ್ರ ಖ ಆಗಬೇಕಾದರೆ ಎರಡು ಬಿಟ್ ಬೇಕು, ಅದಕ್ಕೊಂದಿಷ್ಟು ಹೆಚ್ಚಿನ ರಕ್ಷಣೆ. ಇದರ ಕೇಡು ಇರುವುದು ಫಲಿತಾಂಶ ಸರಿಯಾಗಿಯೇ ಕಾಣುವುದರಲ್ಲಿ. ಧನ ಎಂಬುದು ನಿಘಂಟಿನಲ್ಲಿರುವ ಪದ, ಯಾವ ಎಂಬುದೂ ಹೌದು. ಸ್ಪೆಲ್‌ಚೆಕ್ ಮಾತಾಡುವುದಿಲ್ಲ. ಓಲೆಗರಿ ನಕಲು ಮಾಡುತ್ತಿದ್ದವರಲ್ಲಿ ಹಲವರು ಕೊನೆಯಲ್ಲಿ ಕೈತಪ್ಪು ಮನ್ನಿಸಿ ಎಂದು ಒಂದು ಸಾಲು ಬರೆಯುತ್ತಿದ್ದರು. ಈ ನಕಲುಗಾರನಿಗೆ ಆ ವಿನಯವೂ ಇಲ್ಲ.

ಧ್ವನಿಯಲ್ಲಾದರೆ ಒಂದು ಬಿಟ್ ಇನ್ನೂ ದುಬಾರಿ. ಫ್ಲ್ಯಾಕ್ ಧ್ವನಿಯನ್ನು ಸಾಮಾನ್ಯವಾಗಿ 4,096 ಮಾದರಿಗಳ ತುಂಡುಗಳಾಗಿ ಕಟ್ಟುತ್ತದೆ. ಒಂದು ಬಿಟ್ ಕೆಟ್ಟರೆ ಆ ಇಡೀ ತುಂಡು ಕೈಬಿಡುತ್ತದೆ. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ ಅದು ಸೆಕೆಂಡಿನ ಹತ್ತರಲ್ಲೊಂದು ಪಾಲಿಗೆ ಹತ್ತಿರ. ಹಾಡಿನಲ್ಲಿ ಒಂದು ಅಕ್ಷರ ನುಂಗಿಹೋಗಲು ಅಷ್ಟು ಸಾಕು.

ಇದಕ್ಕೆ ಮದ್ದು ಹಳೆಯದು. 1940ರ ದಶಕದ ಕೊನೆಯಲ್ಲಿ ಬೆಲ್ ಲ್ಯಾಬ್ಸ್‌ನ ರಿಚರ್ಡ್ ಹ್ಯಾಮಿಂಗ್ ವಾರಾಂತ್ಯಗಳಲ್ಲಿ ಯಂತ್ರಕ್ಕೆ ಲೆಕ್ಕ ಒಪ್ಪಿಸಿ ಹೋಗುತ್ತಿದ್ದರು. ಯಂತ್ರ ತಪ್ಪು ಕಂಡುಹಿಡಿದು ಅವರ ಕೆಲಸವನ್ನೇ ಕೈಬಿಟ್ಟು ಮುಂದಿನದಕ್ಕೆ ಹೋಗಿರುತ್ತಿತ್ತು. ತಪ್ಪಾಗಿದೆ ಎಂದು ತಿಳಿಯುವ ಯಂತ್ರಕ್ಕೆ ಎಲ್ಲಿ ತಪ್ಪಾಗಿದೆ ಎಂದು ಹುಡುಕಿ ತಿದ್ದಲು ಏಕಾಗದು ಎಂಬ ಸಿಟ್ಟಿನಿಂದ ಹುಟ್ಟಿದ್ದು ಅವರ 1950ರ ಪ್ರಬಂಧ. ಅದೇ ವಿಚಾರದ ಮುಂದುವರಿಕೆ ಇಂದಿನ ಇಸಿಸಿ ಮೆಮೊರಿ. 64 ಬಿಟ್ ದತ್ತಾಂಶಕ್ಕೆ 8 ಬಿಟ್ ಕಾವಲು. ಒಂದು ಬಿಟ್ ಕೆಟ್ಟರೆ ತಿದ್ದಿ, ತಿದ್ದಿದ್ದನ್ನು ದಾಖಲೆಯಲ್ಲಿ ಬರೆಯುತ್ತದೆ. ಎರಡು ಕೆಟ್ಟರೆ ತಿದ್ದಲಾರದು, ಆದರೆ ಸುಮ್ಮನಿರುವುದಿಲ್ಲ. 2009ರಲ್ಲಿ ಗೂಗಲ್‌ನ ಸರ್ವರ್‌ಗಳ ಮೇಲೆ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ವರ್ಷಕ್ಕೆ ನೂರರಲ್ಲಿ ಎಂಟಕ್ಕಿಂತ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ತಪ್ಪು ಕಂಡಿತ್ತು. ಕಾಸ್ಮಿಕ್ ಕಿರಣಗಳ ಮೇಲೆ ಹೊರೆ ಹೊರಿಸುವ ರೂಢಿಯಿದೆ. ಆ ಅಧ್ಯಯನ ಬೊಟ್ಟು ಮಾಡಿದ್ದು ಹೆಚ್ಚಾಗಿ ಪಟ್ಟಿಗಳದೇ ದೋಷದತ್ತ. ಮನೆಯ ಸಾಮಾನ್ಯ ಕಂಪ್ಯೂಟರಿನಲ್ಲಿ ಕಾವಲಿನ ಎಂಟು ಬಿಟ್ ಇಲ್ಲ. ಅಲ್ಲಿ ತಪ್ಪುಗಳು ಆಗುವುದಿಲ್ಲವೆಂದಲ್ಲ, ಎಣಿಸುವವರಿಲ್ಲ.

ಜಡ್‌ಎಫ್‌ಎಸ್‌ನಂಥ, ಪ್ರತಿ ತುಣುಕಿಗೂ ಗುರುತುಸಂಖ್ಯೆ ಇಡುವ ಫೈಲ್ ವ್ಯವಸ್ಥೆ ಹಾಕಿಕೊಂಡರೆ ಸಾಲದೇ ಎಂದು ಕೆಲವರು ವಾದಿಸುತ್ತಾರೆ. ಹಾಕಿಕೊಳ್ಳುವುದು ಒಳ್ಳೆಯದೇ. ಆದರೆ ದತ್ತಾಂಶ ಮೆಮೊರಿಯಲ್ಲೇ ಕೆಟ್ಟು ಆಮೇಲೆ ಗುರುತುಸಂಖ್ಯೆ ಲೆಕ್ಕವಾದರೆ, ಅದು ಕೆಟ್ಟದ್ದನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತದೆ.

ಹಾಗಾಗಿ ಇಸಿಸಿ ಇರುವ, ಸದ್ದಿಲ್ಲದ, ಕರೆಂಟು ಕುಡಿಯದ ಯಂತ್ರ ಬೇಕಾಯಿತು. ಇದಕ್ಕೆ ಹಳೆಯ ಸರ್ವರ್‌ಗಿಂತ ಹಳೆಯ ವರ್ಕ್‌ಸ್ಟೇಶನ್ ಮೇಲು: ಎಂಜಿನಿಯರಿಂಗ್ ಕಚೇರಿಗಳಲ್ಲಿ ಮೇಜಿನ ಪಕ್ಕ ಕೂರಲೆಂದೇ ಮಾಡಿದ್ದರಿಂದ ಗದ್ದಲವಿಲ್ಲ. ಎಚ್‌ಪಿ ಜಡ್240 ಅಂಥದ್ದೊಂದು. ಇಲ್ಲೊಂದು ಗುಂಡಿಯಿದೆ. ಅದೇ ಪೆಟ್ಟಿಗೆ ಜಿಯಾನ್ ಪ್ರೊಸೆಸರ್‌ನೊಂದಿಗೂ ಬರುತ್ತದೆ, ಐ7-6700ನೊಂದಿಗೂ ಬರುತ್ತದೆ. ಜಿಯಾನ್‌ಗೆ ಇಸಿಸಿ ಗೊತ್ತು, ಐ7ಗೆ ಗೊತ್ತಿಲ್ಲ. ಆದರೆ ಅದೇ ತಲೆಮಾರಿನ ಬಡ ತಮ್ಮ ಐ3-6100ಗೆ ಗೊತ್ತು! ಹೆಚ್ಚು ದುಡ್ಡು ಕೊಟ್ಟವರಿಗೆ ಕಡಿಮೆ ಸಿಗುವ ಈ ವಿಚಿತ್ರ ಇಂಟೆಲ್‌ನ ಮಾರಾಟದ ಲೆಕ್ಕಾಚಾರ. ತಾಂತ್ರಿಕ ಕಾರಣ ಹುಡುಕುವುದು ವ್ಯರ್ಥ.

ಬೆಳಗಿನ ಡೆಕ್ಕನ್ ಕ್ವೀನ್ ಹಿಡಿದು, ದಾದರಿನಲ್ಲಿ ಲೋಕಲ್ ಬದಲಿಸಿ, ಗ್ರಾಂಟ್ ರೋಡ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರು. ಜಿಯಾನ್ ಇದ್ದ ಯಂತ್ರ ಮೂರನೆಯ ಅಂಗಡಿಯಲ್ಲಿ ಸಿಕ್ಕಿತು. ಒಳಗೆ ಧೂಳು, ಉಬ್ಬಿದ ಕೆಪಾಸಿಟರ್ ಇಲ್ಲ, ಫ್ಯಾನ್ ಕೈಯಲ್ಲಿ ತಿರುಗಿಸಿದರೆ ಸಲೀಸು. ಮೆಮೊರಿ ಬೇರೆ ಅಂಗಡಿಯಲ್ಲಿ. ಇಸಿಸಿ ಬೇಕು ಎಂದಾಗ ಮಾಲೀಕರು ಒಂದು ಜೊತೆ ಪಟ್ಟಿ ಮುಂದಿಟ್ಟು, ‘ಸರ್ವರ್ ಕಾ ಹೈ, ಚಲ್ ಜಾಯೇಗಾ ಸಾಬ್’ ಎಂದರು.

ಚಲ್ ಆಗಲಿಲ್ಲ. ಮನೆಗೆ ತಂದು ಹಾಕಿದರೆ ಪರದೆ ಕಪ್ಪು, ಪವರ್ ದೀಪ ಕೆಂಪಗೆ ಮಿನುಗಿ ಬೀಪ್ ಬೀಪ್. ಈ ಬೀಪ್‌ಗಳನ್ನು ಬೈಯುವ ಬದಲು ಎಣಿಸಬೇಕು; ಯಂತ್ರದ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಎಷ್ಟು ಬಾರಿ ಮಿನುಗಿದರೆ ಏನು ರೋಗ ಎಂಬ ಪಟ್ಟಿಯಿರುತ್ತದೆ. ಇದು ಮೆಮೊರಿಯ ದೂರು. ಇಸಿಸಿ ಪಟ್ಟಿಗಳಲ್ಲೂ ಎರಡು ಕುಲ. ದೊಡ್ಡ ಸರ್ವರ್‌ಗಳಿಗೆ ರಿಜಿಸ್ಟರ್ಡ್, ಇಂಥ ಸಣ್ಣವಕ್ಕೆ ಅನ್‌ಬಫರ್ಡ್. ಡಿಡಿಆರ್4ನಲ್ಲಿ ಎರಡೂ ಒಂದೇ ಸ್ಲಾಟಿಗೆ ಚೊಕ್ಕವಾಗಿ ಕೂರುತ್ತವೆ, ಒಂದು ಮಾತ್ರ ಕೆಲಸ ಮಾಡುತ್ತದೆ. ಗುರುತಿಸುವ ದಾರಿ ಚೀಟಿಯಲ್ಲೇ ಇದೆ: ವೇಗದ ಸಂಖ್ಯೆಯಾದ ಮೇಲಿನ ಅಡ್ಡಗೆರೆಯ ಆಚೆಯ ಮೊದಲ ಅಕ್ಷರ ಆರ್ ಇದ್ದರೆ ರಿಜಿಸ್ಟರ್ಡ್, ಇ ಇದ್ದರೆ ಇಸಿಸಿ ಅನ್‌ಬಫರ್ಡ್, ಯು ಇದ್ದರೆ ಕಾವಲೇ ಇಲ್ಲದ ಸಾಮಾನ್ಯದ್ದು. ಚೀಟಿ ಕಿತ್ತುಹೋಗಿದ್ದರೆ ಕಪ್ಪು ಚಿಪ್‌ಗಳನ್ನು ಎಣಿಸಬಹುದು. ಒಂದು ಮಗ್ಗುಲಲ್ಲಿ ಎಂಟಿದ್ದರೆ ಸಾಮಾನ್ಯ, ಒಂಬತ್ತಿದ್ದರೆ ಇಸಿಸಿ, ಜೊತೆಗೆ ನಡುವೆ ಬೇರೆ ಆಕಾರದ ಇನ್ನೊಂದು ಇದ್ದರೆ ಬಹುಮಟ್ಟಿಗೆ ರಿಜಿಸ್ಟರ್ಡ್. ಮುಂದಿನ ಶನಿವಾರ ಮತ್ತೆ ಡೆಕ್ಕನ್ ಕ್ವೀನ್. ಮಾಲೀಕರು ಚಕಾರವೆತ್ತದೆ ಬದಲಿಸಿ ಕೊಟ್ಟರು, ಚಹಾ ತರಿಸಿದರು.

ಯಂತ್ರ ಎದ್ದ ಮೇಲೂ ಇಸಿಸಿ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಲಿನಕ್ಸ್‌ನಲ್ಲಿ ಮೆಮೊರಿಯ ವಿವರ ಕೇಳಿದಾಗ ಒಟ್ಟು ಅಗಲ 72, ದತ್ತಾಂಶದ ಅಗಲ 64 ಎಂದು ಬಂದರೆ ಪಟ್ಟಿ ಸರಿ. ತಿದ್ದಿದ ತಪ್ಪುಗಳ ಲೆಕ್ಕ ಇಡುವ ಭಾಗವೂ ಎದ್ದು ಸೊನ್ನೆ ತೋರಿಸಿದರೆ ಕಾವಲುಗಾರ ಹಾಜರು. ಎರಡೂ ಸರಿಯಿದ್ದವು. ವಾರ ಕಳೆಯುವುದರೊಳಗೆ ಡಿಸ್ಕಿನ 199ನೆಯ ಸಾಲು ಏರತೊಡಗಿತು. ಡಿಸ್ಕ್ ಹೋಯಿತೆಂದು ಹೊಸದಕ್ಕೆ ದುಡ್ಡು ಸುರಿಯುವವರು ಇಲ್ಲೇ ಮೋಸ ಹೋಗುತ್ತಾರೆ. ಆ ಸಾಲು ಕೇಬಲ್‌ನದು. ಸಾಟಾ ಕೇಬಲ್ ಬದಲಿಸಿದ ಮೇಲೆ ಏರಿಕೆ ನಿಂತಿತು. ಹಳೆಯ ಎಣಿಕೆ ಅಳಿಯುವುದಿಲ್ಲ, ಬೆಳೆಯದಿದ್ದರೆ ಸಾಕು. ಪವರ್‌ಗೆ ಕನೆಕ್ಟರ್ ಕಡಿಮೆಯೆಂದು ಮೋಲೆಕ್ಸ್‌ನಿಂದ ಸಾಟಾಕ್ಕೆ ಬದಲಿಸುವ, ಪ್ಲಾಸ್ಟಿಕ್ ಎರಕದ ಅಗ್ಗದ ಅಡಾಪ್ಟರ್ ಹಾಕುವುದನ್ನು ಮಾತ್ರ ಯಾರೂ ಮಾಡಬಾರದು. ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟ ಉದಾಹರಣೆಗಳು ಸಾಕಷ್ಟಿವೆ.

ಇನ್ನು ಆ ಐದು ಫೈಲ್. ಮೂರರ ಕ್ಯಾಸೆಟ್ ಅಕ್ಕನ ಅಟ್ಟದಲ್ಲಿ ಸಿಕ್ಕವು. ಒಂದಕ್ಕೆ ಬಿಳಿ ಬೂಷ್ಟು ಹಿಡಿದಿತ್ತು, ಒರೆಸಿ ಒಂದೇ ಸಲ ಓಡಿಸಿ ಇಳಿಸಿದರು. ನಾಲ್ಕನೆಯದು ಬೆಂಗಳೂರಿನಲ್ಲಿರುವ ಸೋದರಮಾವನ ಮಗಳ ಹತ್ತಿರ ಸಿಕ್ಕಿತು. ಲ್ಯಾಪ್‌ಟಾಪ್ ಮಾರುವ ಮೊದಲು ಅದರಿಂದ ನೇರವಾಗಿ ತುಂಬಿಕೊಟ್ಟಿದ್ದ ಪೆನ್‌ಡ್ರೈವ್, ಎಂಡಿ5 ಹೊಂದಿತು. ಹಾಡುಗಳ ಜೊತೆಗೇ ಅದೇ ಡೆಸ್ಕ್‌ಟಾಪ್ ದಾಟಿ ಬಂದ ಹದಿನೈದು ವರ್ಷದ ಫೋಟೊಗಳಿಗೆ ಇಂಥ ಗುರುತುಸಂಖ್ಯೆಯಿಲ್ಲ. ಅವುಗಳಲ್ಲಿ ಎಷ್ಟು ಕೆಟ್ಟಿವೆ ಎಂದು ಹೇಳುವವರಿಲ್ಲ. ಒಂದೊಂದಾಗಿ ತೆರೆದು ಕಣ್ಣಿನಿಂದ ನೋಡಬೇಕು. ನೋಡುತ್ತಿದ್ದಾರೆ.

ಐದನೆಯದಕ್ಕೆ ಎಲ್ಲಿಯೂ ಮೂಲವಿಲ್ಲ. ಅದೊಂದು ಬೀಸುವ ಪದ. ಕಡಿದ ಅಕ್ಷರವಿರುವ ಪಲ್ಲವಿ ಅದರಲ್ಲಿ ಐದು ಸಲ ಬರುತ್ತದೆ, ಕೆಟ್ಟಿರುವುದು ಮೂರನೆಯದು. ಬೇರೆ ಸಲದ ಆ ಅಕ್ಷರವನ್ನು ಕತ್ತರಿಸಿ ತಂದು ಅಂಟಿಸಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ತಮ್ಮ ಹೇಳಿದರು. ‘ಬ್ಯಾಡ’ ಅಂದರು ಅಕ್ಕ. ‘ಅಲ್ಲಿ ಬೀಸೂಕಲ್ಲಿನ ಸಪ್ಪಳ ಬ್ಯಾರೆ ಐತಿ. ಕಾಳು ಮುಗೀತಿರ್ತಾವು.’ ಫೈಲ್ ಇದ್ದಂತೆಯೇ ಉಳಿಯಿತು. ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗಿನ ಜಾವ ಹೊಸ ಯಂತ್ರ ತನ್ನಷ್ಟಕ್ಕೆ ಎಲ್ಲ ಫೈಲ್‌ಗಳ ಲೆಕ್ಕ ಕೂಡಿ ನೋಡಿ ಫೋನಿಗೆ ಒಂದು ಸಾಲಿನ ವರದಿ ಕಳಿಸುತ್ತದೆ: 75 ಸರಿ, 1 ತಪ್ಪು. 2 ಎಂದು ಬಂದ ದಿನ ಮತ್ತೆ ಪೆಟ್ಟಿಗೆ ಬಿಚ್ಚಬೇಕು.